ಕಿಂಡಿ ಮುಚ್ಚಿದವರು

ತೂಬಾ ಕೊನೆಯ ಸಲ ಫೋನ್ ಮಾಡಿದಾಗ ವಿದ್ಯಾವತಿ ಕಮಲಾಪುರದ ಮನೆಯಲ್ಲಿ ತೊಟ್ಟಿಲಿಗೆ ಹೂವಿನ ಸರ ಕಟ್ಟುತ್ತಿದ್ದಳು. ಅಣ್ಣನ ಮಗಳಿಗೆ ಅವತ್ತು ಹೆಸರಿಡುವುದಿತ್ತು. ಪಡಸಾಲೆ ತುಂಬ ಹೆಂಗಸರು, ಅಡುಗೆಮನೆಯಿಂದ ಹೋಳಿಗೆ ಬೇಯುವ ವಾಸನೆ, ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಗದ್ದಲದಲ್ಲಿ ಮಾತು ಕೇಳದೆ ಅವಳು ಫೋನ್ ಹಿಡಿದುಕೊಂಡು ಹಿತ್ತಲಿಗೆ ಬಂದಳು.

"ಏ ವಿದ್ಯಾ, ಕತ್ತಲಿ ಈಗ ಖರೇನ ಕತ್ತಲಿ ಆಗ್ಯಾದ ನೋಡು," ಅಂದಳು ತೂಬಾ. ದನಿಯಲ್ಲಿ ನಗು ಇತ್ತು. "ನಿನ್ನಿ ಸರ್ ಮೌನೇಶಣ್ಣಗ ಹೇಳಿ ಫ್ಯಾನಿನ ಕಿಂಡಿ ಮುಚ್ಚಿಸ್ಯಾರ. ಕರಿ ರೆಗ್ಜಿನ್ ಹಚ್ಚಿ ಸುತ್ತೂಕಡೆ ಟೇಪ್ ಬಡದಾರ. ಲೇಸರ್ ಬಂದ್ ಮಾಡಿದ್ರ ಡಿಟೆಕ್ಟರ್ ಪಿಟ್ ಅನ್ನಂಗಿಲ್ಲ."

"ಮತ್ತ ಗಾಳಿ?"

"ಫ್ಯಾನ್ ಬಂದ್. ಅದರ ಸಂದಿಂದನ ಬೆಳಕು ಬರ್ತಿತ್ತಲ್ಲ."

"ನೈಟ್ರೋಜನ್ ಕ್ಯಾನ್ ಎಲ್ಲಿಟ್ಟೀದಿ?"

"ಒಳಗ ಅದ. ಹೊರಗಿಟ್ರ ಪೈಪ್ ಮುಟ್ಟಂಗಿಲ್ಲ. ಸರ್‌ಗೂ ಕೇಳಿದೆ, ನಡುನಡುವ ಬಾಗಲಾ ತೆಗಿ, ಏನೂ ಆಗಂಗಿಲ್ಲ ಅಂದ್ರು."

"ತೂಬಾ, ನಾಳಿ ನಾ ಬರ್ತೀನಿ. ಇಬ್ಬರೂ ಕೂಡಿ ಮಾಡೂಣು."

"ನಾಳಿ ಸೋಮವಾರ. ಮ್ಯಾಲ ಕ್ಲಾಸ್ ಶುರು ಆದ್ರ ಮೇಜು ನಡಗ್ತದ. ಇವತ್ತು ಇಡೀ ಬಿಲ್ಡಿಂಗ್‌ನ್ಯಾಗ ನಾನೊಬ್ಬಾಕಿ. ನೀ ಹೋಳಿಗಿ ತಗೊಂಡು ಬಾ. ತುಪ್ಪ ಬ್ಯಾರೆ ಡಬ್ಬ್ಯಾಗ."

ಒಳಗಿನಿಂದ ಅತ್ತಿಗೆ ಕರೆದಳು. ವಿದ್ಯಾವತಿ ಫೋನ್ ಇಟ್ಟಳು.

ಇಬ್ಬರೂ ಕಲಬುರಗಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಐವಾನ್-ಎ-ಶಾಹಿ ಬಡಾವಣೆಯ ಕಡೆ, ಹಳೆಯ ಕಲ್ಲಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಅವರ ಲ್ಯಾಬ್. ಗೋಡೆಗಳು ಎಷ್ಟು ದಪ್ಪವೆಂದರೆ ಊರೆಲ್ಲ ಕಾದು ಕೆಂಡವಾದರೂ ಅಲ್ಲಿ ತಂಪು. ಆ ತಂಪಿಗೆ, ಆ ನಿಶ್ಶಬ್ದಕ್ಕೆ ಮರುಳಾಗಿಯೇ ಹಣಮಂತರಾಯ ಸರ್ ಅದನ್ನು ಆರಿಸಿಕೊಂಡಿದ್ದರು. ಅವರು ಅಲ್ಲಿಯವರೇ, ಊರಿನ ಸರಕಾರಿ ಶಾಲೆಯಲ್ಲಿ ಕಲಿತು ಹೊರದೇಶದಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದವರು. ಒಂದೊಂದು ಯಂತ್ರಕ್ಕೂ ವರ್ಷಗಟ್ಟಲೆ ಅಲೆದು, ಬೇರೆ ಲ್ಯಾಬುಗಳವರು ಬೇಡವೆಂದು ಬಿಟ್ಟದ್ದನ್ನು ತಂದು ಜೋಡಿಸಿ ಕೆಲಸ ಶುರುಮಾಡಿದ್ದರು.

ಕೆಲಸವೆಂದರೆ ಬೆಳಕನ್ನು ಒಂದೊಂದೇ ಕಣವಾಗಿ ಹೊರತರುವುದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಅರೆವಾಹಕದ ಚಿಪ್. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳ ಸಾಲು. ಪ್ರತಿ ಕಂಬದ ಮೇಲೂ ಕೆಳಗೂ ಕನ್ನಡಿಯಂಥ ಪದರಗಳು, ನಡುವೆ ಸಿಕ್ಕಿಬಿದ್ದ ಒಂದು ಚುಕ್ಕಿ, ಕ್ವಾಂಟಮ್ ಡಾಟ್. ಲೇಸರಿನಿಂದ ಒಮ್ಮೆ ತಟ್ಟಿದರೆ ಆ ಚುಕ್ಕಿ ಬೆಳಕಿನ ಒಂದೇ ಒಂದು ಕಣವನ್ನು, ಒಂದು ಫೋಟಾನನ್ನು, ಬಿಡಬೇಕು. ಕನ್ನಡಿಗಳು ಅದನ್ನು ಅತ್ತಿತ್ತ ಚೆಲ್ಲದಂತೆ ಮೇಲಕ್ಕೆ ಕಳಿಸಬೇಕು. ಒಂದಾದ ಮೇಲೆ ಒಂದು, ಎಂದೂ ಎರಡಲ್ಲ. ಅಂಥ ಬೆಳಕಿನಲ್ಲಿ ಗುಟ್ಟಿನ ಸಂದೇಶ ಕಳಿಸಿದರೆ ನಡುವೆ ಕದ್ದು ನೋಡಿದವನು ಸಿಕ್ಕಿಬೀಳುತ್ತಾನೆ. ಕಣ ಒಂದೇ ಇರುವಾಗ ಅದನ್ನು ಕದ್ದರೆ ಗೊತ್ತಾಗದೆ ಇರುವುದಿಲ್ಲ.

ಒಂದೇ ಬರುತ್ತಿದೆಯೆಂದು ತಿಳಿಯಲು ಬೆಳಕನ್ನು ಎರಡು ದಾರಿಗೆ ಒಡೆದು ಎರಡು ಡಿಟೆಕ್ಟರ್‌ಗಳ ಮುಂದೆ ಬಿಡುತ್ತಾರೆ. ಕಣ ಒಂದೇ ಆಗಿದ್ದರೆ ಅದು ಈ ಕಡೆ ಹೋಗಬೇಕು, ಇಲ್ಲ ಆ ಕಡೆ. ಎರಡೂ ಒಮ್ಮೆಲೇ ಸದ್ದು ಮಾಡಬಾರದು. ಆಗ ಕಂಪ್ಯೂಟರಿನ ಗ್ರಾಫಿನಲ್ಲಿ ಸಾಲಾಗಿ ಗೋಪುರಗಳೆದ್ದು ನಟ್ಟನಡುವಿನದೊಂದು ಮಾತ್ರ ಇರುವುದಿಲ್ಲ. ಆ ಖಾಲಿ ಜಾಗಕ್ಕೆ ಲ್ಯಾಬಿನಲ್ಲಿ ಎಲ್ಲರೂ ತಗ್ಗು ಎನ್ನುತ್ತಿದ್ದರು. ಮೂರು ವರ್ಷ ಆ ತಗ್ಗು ಅರ್ಧಮರ್ಧವಾಗಿಯೇ ಉಳಿದಿತ್ತು. ಹೊರಗಿನ ಬೆಳಕು ಎಲ್ಲಿಂದಲೋ ನುಸುಳಿ ಅದನ್ನು ತುಂಬಿಬಿಡುತ್ತಿತ್ತು.

ಚಿಪ್ ಅನ್ನು ಭಯಂಕರ ತಣ್ಣಗಿಡಬೇಕು. ದೊಡ್ಡ ಲ್ಯಾಬುಗಳು ಅದಕ್ಕೆ ಹೀಲಿಯಂ ಬಳಸುತ್ತವೆ. ಇಲ್ಲಿ ಅದು ಸಿಗುವಂತಿರಲಿಲ್ಲ. ದ್ರವ ನೈಟ್ರೋಜನ್‌ನಲ್ಲೇ ಮಾಡಿ ತೋರಿಸುತ್ತೇನೆ ಎಂಬುದು ಹಣಮಂತರಾಯರ ಹಟ. ದನದ ದವಾಖಾನೆಯಲ್ಲಿ ಹೋರಿಯ ವೀರ್ಯ ಇಡುವ ಅಲ್ಯೂಮಿನಿಯಂ ಕ್ಯಾನ್ ಇರುತ್ತದಲ್ಲ, ಅದರ ದೊಡ್ಡಣ್ಣನಂಥದ್ದು ಹೈದರಾಬಾದಿನಿಂದ ತುಂಬಿಕೊಂಡು ಬರುತ್ತಿತ್ತು. ಬರೀ ನೈಟ್ರೋಜನ್. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ. ವಾಸನೆ ಇಲ್ಲ, ಬಣ್ಣ ಇಲ್ಲ, ವಿಷವೂ ಅಲ್ಲ. ಆದರೆ ಆ ದ್ರವ ಕುದಿದು ಗಾಳಿಯಾದರೆ ಒಂದು ತಂಬಿಗೆಯಷ್ಟು ಸಾಕು, ಮಂಚದಡಿಯ ಜಾಗವನ್ನೆಲ್ಲ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಪ್ರಾಣವಾಯುವನ್ನು ಹೊರದೂಡಿ ಕೂರುತ್ತದೆ. ಒಳಗಿದ್ದವರಿಗೆ ಉಸಿರು ಕಟ್ಟಿದಂತೆ ಅನಿಸುವುದೂ ಇಲ್ಲ. ತಲೆ ಹಗುರಾಗುತ್ತದೆ, ಕಾಲು ಕುಸಿಯುತ್ತದೆ, ಅಷ್ಟೆ.

ಅದಕ್ಕಾಗಿಯೇ ಆ ಕೋಣೆಯ ಗೋಡೆಯಲ್ಲಿ ಫ್ಯಾನಿನ ಕಿಂಡಿ ಇತ್ತು.

ಕಮಲಾಪುರದಲ್ಲಿ ಕೂಸಿಗೆ ಹೆಸರಿಟ್ಟು, ಎರಡನೇ ಪಂಕ್ತಿ ಎದ್ದ ಹೊತ್ತಿಗೆ ವಿದ್ಯಾವತಿಗೆ ಮತ್ತೆ ಫೋನ್ ಬಂತು. ತೂಬಾಳ ತಂದೆ ಮಂಜೂರ್. ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಬರುವ ಯಾತ್ರಿಕರು ಇಳಿದುಕೊಳ್ಳುವ ಲಾಡ್ಜೊಂದರ ಮ್ಯಾನೇಜರ್ ಅವರು.

"ವಿದ್ಯಾ ಬೇಟಿ, ತೂಬಾ ನಿನ್ನ ಸಂಗಡ ಅದಾಳೇನು? ಊಟಕ್ಕ ಬರ್ತೀನಿ ಅಂದಾಕಿ ಬಂದಿಲ್ಲ. ಫೋನ್ ಎತ್ತವಲ್ಲಳು."

ವಿದ್ಯಾವತಿಗೆ ಕಿಂಡಿ ನೆನಪಾಯಿತು. "ನೋಡ್ತೀನಿ ಚಾಚಾ," ಎಂದಷ್ಟೇ ಹೇಳಿ ಲ್ಯಾಬಿನ ಅಟೆಂಡರ್ ಮೌನೇಶನಿಗೆ ಹಚ್ಚಿದಳು. ಅವನ ಮನೆ ಆ ಕಟ್ಟಡದ ಹಿಂದಿನ ಓಣಿಯಲ್ಲೇ.

"ಮೌನೇಶಣ್ಣಾ, ಓಡಿ ಹೋಗು. ಬಾಗಲಾ ಒಡಿ. ಒಳಗ ಹೋಗೂಮುಂದ ಉಸುರು ಬಿಗಿ ಹಿಡಿ. ಒಳಗ ಉಸುರು ತಗೋಬ್ಯಾಡ."

"ಯಾಕವ್ವಾ, ಏನಾಗ್ಯಾದ?"

"ಓಡು ಮೊದಲ!"

ಅವನು ಓಡಿದ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಅಳತೆ ನಡೆಯುವಾಗ ಯಾರಾದರೂ ಗೊತ್ತಿಲ್ಲದೆ ಬಾಗಿಲು ದೂಡಿದರೆ ಬೆಳಕು ನುಗ್ಗಿ ಡಿಟೆಕ್ಟರ್ ಸುಟ್ಟುಹೋಗುತ್ತದೆ. ಹಾಗಾಗಿ ಚಿಲಕ ಹಾಕಿಕೊಳ್ಳುವುದು ಅಲ್ಲಿನ ರೂಢಿ. ಮೌನೇಶ ಹೆಗಲು ಕೊಟ್ಟು ಮೂರು ನಾಲ್ಕು ಸಲ ಗುದ್ದಿದ ಮೇಲೆ ಚಿಲಕ ಕಿತ್ತು ಬಂತು. ಒಳಗೆ ಮಬ್ಬು ಮಾಡಿಟ್ಟ ಕಂಪ್ಯೂಟರ್ ಪರದೆಯ ಬೆಳಕಿನಲ್ಲಿ ಅವನಿಗೆ ಮೊದಲು ಕಂಡದ್ದು ಕ್ಯಾನ್. ಅದರ ಹೊಟ್ಟೆಯ ಸುತ್ತ ಬೆಳ್ಳಗೆ ಮಂಜು ಹೆಪ್ಪುಗಟ್ಟಿತ್ತು. ಕ್ಯಾನಿನ ಎರಡು ಗೋಡೆಗಳ ನಡುವೆ ಗಾಳಿಯೇ ಇರದ ಒಂದು ಪದರವಿರುತ್ತದೆ. ಅದು ಕೆಟ್ಟು, ಒಳಗಿನ ನೈಟ್ರೋಜನ್ ಒಲೆಯ ಮೇಲಿಟ್ಟಂತೆ ಕುದಿದು ಹೋಗಿತ್ತು. ತೂಬಾ ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಒಂದು ಕೈ ಬಾಗಿಲ ಕಡೆಗೆ ಚಾಚಿತ್ತು.

ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅವನೂ ಒಮ್ಮೆ ಬಿದ್ದ. ಮೊಣಕಾಲು ಒಡೆಯಿತು. ಮತ್ತೆ ಎದ್ದ.

ವಿದ್ಯಾವತಿಯ ತಂದೆ ಅಣವೀರಪ್ಪ ಮಗಳನ್ನು ಬಸ್ಸಿಗೆ ಬಿಡಲಿಲ್ಲ. ಹೆದ್ದಾರಿಯ ಪಕ್ಕ ಕೆಂಪು ಬಾಳೆಹಣ್ಣಿನ ವ್ಯಾಪಾರ ಮಾಡುವವರು ಅವರು, ಮಾಲು ಸಾಗಿಸುವ ಗಾಡಿಯಲ್ಲೇ ಕೂರಿಸಿಕೊಂಡು ಹೊರಟರು. ಆಸ್ಪತ್ರೆಯ ಬಾಗಿಲಲ್ಲಿ ಮಂಜೂರ್ ಗೋಡೆಗೆ ಆತು ನಿಂತಿದ್ದರು. ಅವರ ಮುಖ ನೋಡಿದ ಮೇಲೆ ಒಳಗೆ ಹೋಗಿ ಯಾರನ್ನೂ ಕೇಳುವ ಅಗತ್ಯ ಉಳಿಯಲಿಲ್ಲ.

ಮರುದಿನ ಶವಪರೀಕ್ಷೆ ಮುಗಿಸಿ ಕೊಟ್ಟ ಮೇಲೆ ರೋಜಾದ ಖಬರಸ್ತಾನದಲ್ಲಿ ಮಣ್ಣಾಯಿತು. ಪೊಲೀಸರು ಅಸಹಜ ಸಾವು ಎಂದು ಬರೆದುಕೊಂಡರು. ಲ್ಯಾಬಿಗೆ ಬೀಗ ಬಿತ್ತು.

ಒಂದು ವಾರದ ನಂತರ ಹಣಮಂತರಾಯರು ವಿದ್ಯಾವತಿಯನ್ನು ತಮ್ಮ ಕೋಣೆಗೆ ಕರೆಸಿದರು. ಗಡ್ಡ ಬೋಳಿಸಿರಲಿಲ್ಲ. ಕಣ್ಣು ಕೆಂಪಗಿದ್ದವು. ಪೊಲೀಸರು ನಕಲು ಮಾಡಿಕೊಂಡು ಮರಳಿಸಿದ ಕಂಪ್ಯೂಟರ್ ಮೇಜಿನ ಮೇಲಿತ್ತು. ಅವರು ಅದನ್ನು ಅವಳ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ಗೋಪುರಗಳ ಸಾಲು. ಸಮನಾದ ಎತ್ತರ, ಸಮನಾದ ಅಂತರ. ನಡುವೆ ನೆಲಮಟ್ಟದ ಖಾಲಿ. ಮೂರು ವರ್ಷ ಹುಡುಕಿದ ತಗ್ಗು, ಚಾಕುವಿನಿಂದ ಕೊಯ್ದಷ್ಟು ಸ್ವಚ್ಛ.

"ಹೀಲಿಯಂ ಇಲ್ಲದ, ಬರೇ ನೈಟ್ರೋಜನ್‌ದಾಗ," ಎಂದರು ಅವರು. "ಆಕಿ ಮಾಡಿ ಹೋಗ್ಯಾಳ, ವಿದ್ಯಾ."

ವಿದ್ಯಾವತಿ ಫೈಲಿನ ಉದ್ದಕ್ಕೂ ನೋಡುತ್ತ ಹೋದಳು. ತೂಬಾ ಕೊನೆಯದಾಗಿ ಕೀಬೋರ್ಡ್ ಮುಟ್ಟಿದ್ದು ಮಧ್ಯಾಹ್ನ, ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ. ಆಮೇಲೆ ಯಾರೂ ಮುಟ್ಟಿಲ್ಲ. ಎಣಿಕೆ ಮಾತ್ರ ನಡೆದೇ ಇತ್ತು. ಕ್ಯಾನ್ ಬರಿದಾಗಿ ಚಿಪ್ ಬೆಚ್ಚಗಾದ ಮೇಲೆ ಚುಕ್ಕಿಯ ಬೆಳಕು ಸೋಲುತ್ತ ಸೋಲುತ್ತ ನಿಂತುಹೋಗಿತ್ತು. ಅಂದರೆ ಆ ಗ್ರಾಫಿನ ಬಹುಪಾಲು ಕಣಗಳು ಬಂದದ್ದು ಅವಳು ನೆಲದ ಮೇಲೆ ಬಿದ್ದಿರುವಾಗ. ವಿದ್ಯಾವತಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಪೇಪರ್ ಬರೀತೀನಿ," ಎಂದರು ಹಣಮಂತರಾಯ. "ಮೊದಲನೇ ಹೆಸರು ತೂಬಾಂದು. ಆಕಿಗಿ ಡಾಕ್ಟರೇಟ್ ಕೊಡಸಲಿಕ್ಕೆ ನಾ ಹೋರಾಡ್ತೀನಿ. ಎರಡನೇ ಹೆಸರು ನಿಂದು. ಆದ್ರ ವಿಚಾರಣಾ ಕಮಿಟಿ ಮುಂದ ಕಿಂಡಿ ಮಾತು ಬರ್ತದ."

"ಬರ್ತದ್ರಿ ಸರ್."

"ನೀ ಆವತ್ತ ಇದ್ದಿದ್ದಿಲ್ಲ. ನನಗೇನೂ ಗೊತ್ತಿಲ್ಲ ಅಂತ ನೀ ಅಂದ್ರ ಸಾಕು."

"ಆಕಿ ಫೋನ್‌ದಾಗ ಹೇಳ್ಯಾಳ್ರಿ. ನೀವು ಮುಚ್ಚಿಸೀರಿ ಅಂತ."

ಅವರು ಕಂಪ್ಯೂಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ನಾ ಕಿಂಡಿ ಮುಚ್ಚು ಅಂದೀನಿ. ಬಾಗಲಾ ತೆಗೀದ ಕೂಡು ಅಂದಿಲ್ಲ."

"ಬಾಗಲಾ ತೆಗೆದ್ರ ಅಳತಿ ಕೆಡ್ತದ್ರಿ. ಮತ್ತ ಮೊದಲಿಂದ ಶುರು ಮಾಡಬೇಕು. ಅದು ನಿಮಗ ಗೊತ್ತದ, ಆಕಿಗೂ ಗೊತ್ತಿತ್ತು."

"ಈ ಲ್ಯಾಬ್ ಬಂದ್ ಆದ್ರ ಮತ್ತ ತೆಗ್ಯಂಗಿಲ್ಲ, ವಿದ್ಯಾ. ಇಪ್ಪತ್ತು ವರ್ಷ ತಿಂದದ ಇದು ನಂದು. ಈ ಭಾಗದ ಹುಡುಗ್ಯಾರು ಇಂಥಾ ಕೆಲಸ ಮಾಡಬೇಕಂದ್ರ ಎಲ್ಲಿಗಿ ಹೋಗಬೇಕು? ನೀ ಎಲ್ಲಿಗಿ ಹೋಗ್ತಿದ್ದಿ?"

ಆ ಮಾತು ಸುಳ್ಳಾಗಿರಲಿಲ್ಲ.

ಆ ಸಂಜೆ ಅವಳು ರೋಜಾಕ್ಕೆ ಹೋದಳು. ತೂಬಾಳ ತಾಯಿ ನೂರಜಹಾನ್ ಚಾಪೆಯ ಮೇಲೆ ಕೂತಿದ್ದರು. ಕೈಯಲ್ಲಿ ಜಪದ ಮಣಿಸರ, ತಸ್ಬಿ, ಇತ್ತು, ಬೆರಳು ಆಡುತ್ತಿರಲಿಲ್ಲ.

"ಬಾ ಬೇಟಿ," ಎಂದು ಪಕ್ಕದಲ್ಲಿ ಜಾಗ ಮಾಡಿದರು. ಆಮೇಲೆ ಕೇಳಿದರು: "ನೀವು ಒಳಗ ಏನು ಮಾಡ್ತಿದ್ರಿ? ತೂಬಾ ಹೇಳ್ತಿದ್ದಳು, ನನಗ ತಿಳೀತಿದ್ದಿಲ್ಲ. ಹೌದು ಹೌದು ಅಂತಿದ್ದೆ."

ವಿದ್ಯಾವತಿ ಹೇಳಿದಳು. ಟಾರ್ಚ್ ಹಚ್ಚಿದರೆ ಬೆಳಕಿನ ಕಣಗಳು ಕೋಟಿಗಟ್ಟಲೆ ಗುಂಪಾಗಿ ಬರುತ್ತವೆ, ತಮಗೆ ಬೇಕಾದದ್ದು ಒಂದು, ಆಮೇಲೆ ಇನ್ನೊಂದು ಎಂದಳು. ಕೋಣೆ ಏಕೆ ಕತ್ತಲೆ ಇರಬೇಕು, ಚಿಲಕ ಏಕೆ ಹಾಕುತ್ತಾರೆ ಎಂಬುದನ್ನೂ ಹೇಳಿದಳು.

ಚಿಲಕದ ಮಾತು ಬಂದೊಡನೆ ನೂರಜಹಾನ್ ಅವಳ ಮುಂಗೈ ಹಿಡಿದರು. "ಇನ್ನೊಮ್ಮೆ ಹೇಳು. ಚಿಲಕಾ ಎಲ್ಲಾರೂ ಹಾಕ್ತೀರೇನು?"

"ಎಲ್ಲಾರೂ ಹಾಕ್ತೀವಿ. ನಾನೂ ಹಾಕ್ತೀನಿ ಖಾಲಾ."

ಬಾಗಿಲಲ್ಲಿ ನಿಂತಿದ್ದ ಮಂಜೂರ್ ಮೆಲ್ಲಗೆ ಹೇಳಿದರು: "ಓಣ್ಯಾಗ ಮಂದಿ ಕೇಳಾಕತ್ತಾರ, ಬೇಟಿ. ಹುಡುಗಿ ಒಳಗಿಂದ ಯಾಕ ಚಿಲಕಾ ಹಾಕ್ಕೊಂಡಳು, ಕಿಂಡಿ ಯಾಕ ಮುಚ್ಚಿಕೊಂಡಳು ಅಂತ. ಮಸೀದಿ ಹೊರಗ ಒಬ್ಬಾವ ನನ್ನ ಮುಂದನ ಖುದಕುಶಿ ಅಂದ. ನನ್ನ ಮಗಳು ತಾನ ತನ್ನ ಜೀವಾ ತಗೊಂಡಳು ಅಂತ."

ನೂರಜಹಾನ್ ಅಳಲಿಲ್ಲ. "ಕಿಂಡಿ ಆಕಿ ಮುಚ್ಚಿಲ್ಲಂತ ಯಾರರೆ ಒಬ್ಬರು ಬಾಯಿ ಬಿಟ್ಟು ಹೇಳಲಿ. ನನಗ ಮತ್ತೇನೂ ಬ್ಯಾಡ," ಎಂದರು.

ಕಮಲಾಪುರಕ್ಕೆ ಮರಳಿದ ವಿದ್ಯಾವತಿ ತಂದೆಯ ಅಂಗಡಿಯಲ್ಲಿ ಹಣ್ಣಿನ ಗೊನೆಗಳ ನಡುವೆ ಕೂತು ಎಲ್ಲವನ್ನೂ ಹೇಳಿದಳು. ಅಣವೀರಪ್ಪ ಗಿರಾಕಿಗೆ ಹಣ್ಣು ಕೊಟ್ಟು ಕಳಿಸಿ, ಕೈ ಒರೆಸಿಕೊಂಡು ಕೇಳಿದರು:

"ಹೇಳಿದ್ರ ನಿನ್ನ ಓದು?"

"ಹೋಗ್ತದಪ್ಪಾ. ಥೀಸಿಸ್ಸಿಗೆ ಅವರ ಸಹಿ ಬೇಕು."

ಆ ಓದಿಗಾಗಿ ಅವರು ಎಷ್ಟು ವರ್ಷ ಊರವರ ಮುಂದೆ, ಬೀಗರ ಮುಂದೆ ಮಗಳ ಪರವಾಗಿ ನಿಂತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ, "ಹೇಳೂದಿದ್ರ ಹೇಳು. ಆದ್ರ ಒಮ್ಮಿ ಹೇಳಿದ ಮ್ಯಾಲ ಮಾತು ತಿರುಗಿಸಬ್ಯಾಡ. ಅದಕ್ಕಿಂತ ಹೇಳದ ಇರೂದು ಚಲೋ," ಎಂದರು.

ಕಮಿಟಿ ಸಂಸ್ಥೆಯ ಸಭಾಂಗಣದಲ್ಲಿ ಕೂತಿತು. ಮೊದಲು ಮೌನೇಶನನ್ನು ಕರೆದರು. ವಿದ್ಯಾವತಿ ಹೊರಗಿನ ಬೆಂಚಿನ ಮೇಲಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಿಂಡಿ ಮುಚ್ಚಲು ಯಾರು ಹೇಳಿದರು ಎಂದು ಕೇಳಿದಾಗ ಅವನ ದನಿ ಎದ್ದೇ ಬರಲಿಲ್ಲ. ಎರಡನೇ ಸಲ ಕೇಳಿದಾಗ, "ತೂಬಾ ಮೇಡಂ ಹೇಳಿದ್ರಿ," ಎಂದ.

ಹೊರಗೆ ಬಂದವನು ಅವಳನ್ನು ನೋಡದೆ ಕುಂಟುತ್ತ ಹೋದ.

ಅವಳ ಸರದಿ ಬಂದಾಗ ಫೋನಿನಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಹೇಳಿದಳು. ಅಧ್ಯಕ್ಷರು ವಯಸ್ಸಾದವರು. ಸಾವಧಾನವಾಗಿ ಕೇಳಿ ಕನ್ನಡಕ ತೆಗೆದಿಟ್ಟರು.

"ನೀವು ಕಣ್ಣಾರೆ ನೋಡಿಲ್ಲ?"

"ಇಲ್ರಿ."

"ಫೋನಿನ ಮಾತು ರೆಕಾರ್ಡ್ ಆಗಿದೆಯಾ?"

"ಇಲ್ರಿ. ಗೆಳತಿ ಮಾತು ಯಾರು ರೆಕಾರ್ಡ್ ಮಾಡ್ತಾರ್ರಿ?"

"ಹೋದವರು ಹೇಳಿದರು ಅನ್ನೋದನ್ನ ನಾವು ಹೇಗಮ್ಮ ಬರೆಯೋದು? ಕಿಂಡಿ ಮುಚ್ಚಿದವನೇ ಬೇರೆ ಹೇಳುತ್ತಿದ್ದಾನೆ."

ಮುಂದಿನ ತಿಂಗಳು ವರದಿ ಬಂತು. ಸಂಶೋಧನಾ ವಿದ್ಯಾರ್ಥಿನಿ ಯಾರ ಅನುಮತಿಯೂ ಇಲ್ಲದೆ ಗಾಳಿಯ ಕಿಂಡಿ ಮುಚ್ಚಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡಿದ್ದೇ ಸಾವಿಗೆ ಕಾರಣ ಎಂದು ಅದರಲ್ಲಿತ್ತು. ಪತ್ರಿಕೆಗಳು ಆ ವಾಕ್ಯವನ್ನು ಇನ್ನಷ್ಟು ಚಿಕ್ಕದು ಮಾಡಿ ಹಾಕಿದವು. ಚಿಕ್ಕದಾದಷ್ಟೂ ಅದು ಓಣಿಯ ಮಾತಿನಂತೆಯೇ ಕಾಣುತ್ತಿತ್ತು. ಮಂಜೂರ್ ಕೆಲಸಕ್ಕೆ ಹೋಗುವುದನ್ನು ಬಿಟ್ಟರು. ಲಾಡ್ಜಿಗೆ ಬರುವ ಯಾತ್ರಿಕರೂ ಕೇಳತೊಡಗಿದ್ದರಂತೆ.

ಹಣಮಂತರಾಯರು ಸಂಶೋಧನೆಯ ಪೇಪರ್ ಬರೆದು ಮುಗಿಸಿ, ಹೆಸರಿದ್ದವರೆಲ್ಲರ ಒಪ್ಪಿಗೆಗೆ ಕಳಿಸಿದರು. ಚಿಪ್ ತಯಾರಿಸಿ ಕೊಟ್ಟಿದ್ದ ಬೇರೆ ಊರಿನ ಲ್ಯಾಬಿನವರೂ ಅದರಲ್ಲಿದ್ದರು. ವಿದ್ಯಾವತಿ ಎಲ್ಲರಿಗೂ ಒಂದೇ ಉತ್ತರ ಬರೆದಳು. ಈ ಅಳತೆ ನಡೆದಾಗ ಕೋಣೆಯ ಗಾಳಿಯ ಕಿಂಡಿ ಮುಚ್ಚಿತ್ತು, ಅಳತೆ ಮಾಡುತ್ತಿದ್ದವಳು ಅದೇ ಹೊತ್ತಿನಲ್ಲಿ ಉಸಿರಿಲ್ಲದೆ ಸತ್ತಳು. ಇಷ್ಟನ್ನು ಪೇಪರಿನಲ್ಲಿ ಬರೆಯುವುದಾದರೆ ನನ್ನ ಹೆಸರಿರಲಿ.

ಬೇರೆ ಊರಿನವರು ಮರುದಿನವೇ ತಮ್ಮ ಹೆಸರು ತೆಗೆಯಲು ಹೇಳಿದರು. ಪೇಪರ್ ಎಲ್ಲಿಗೂ ಹೋಗಲಿಲ್ಲ. ಹಣಮಂತರಾಯರು ಅವಳೊಂದಿಗೆ ಮಾತು ಬಿಟ್ಟರು. ಒಮ್ಮೆ ವರಾಂಡದಲ್ಲಿ ಎದುರಾದಾಗ ಮಾತ್ರ, "ಆಕಿದು ಉಳಿಯೂದು ಅದೊಂದ ಇತ್ತು. ಅದನ್ನೂ ನೀ ಅಳಿಸಿಬಿಟ್ಟಿ," ಎಂದು ಹೇಳಿ ಹೋದರು. ಆ ಮಾತು ಅವಳಿಗೆ ಬಹಳ ದಿನ ಚುಚ್ಚಿತು. ಎಷ್ಟೋ ಸಲ ಅದು ನಿಜವಿರಬಹುದು ಎನಿಸಿತು. ತೂಬಾಳನ್ನು ಕೇಳುವಂತಿದ್ದರೆ ಅವಳು ಪೇಪರ್ ಬೇಕೆನ್ನುತ್ತಿದ್ದಳೋ ಏನೋ.

ತಂದೆಯ ಜೊತೆ ಹೋಗಿ ಪೊಲೀಸ್ ಠಾಣೆಯಲ್ಲೂ ಹೇಳಿಕೆ ಕೊಟ್ಟಳು. ಅವರು ಬರೆದುಕೊಂಡು ಇಟ್ಟರು. ಥೀಸಿಸ್ ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ಅವಳು ಕಮಲಾಪುರದಲ್ಲೇ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಲು ಸೇರಿಕೊಂಡಳು.

ದಸರಾ ಕಳೆದ ಮೇಲೆ ಒಂದು ದಿನ ಕಾಲೇಜಿನಿಂದ ಅಂಗಡಿಗೆ ಬಂದರೆ ಮೌನೇಶ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಸೊರಗಿದ್ದ. ಅಣವೀರಪ್ಪ ಕೊಟ್ಟ ಹಣ್ಣು ಕೈಯಲ್ಲಿ ಹಾಗೇ ಇತ್ತು.

"ನನ್ನ ತೆಗೆದುಹಾಕಿದ್ರವ್ವಾ," ಎಂದ. "ಈಗ ಎಲ್ಲಾ ಹೊಸ ಏಜೆನ್ಸಿ ಮಂದಿ ಅಂತ. ಕಮಿಟಿ ಮುಂದ ಅವರು ಹೇಳಿಕೊಟ್ಟಂಗ ಹೇಳಿದೆ, ಆದ್ರೂ ತೆಗೆದ್ರು."

"ಅದಕ್ಕ ಬಂದಿಯೇನಣ್ಣಾ?"

ಅವನು ತಲೆ ಎತ್ತಿದ. "ಹೌದವ್ವಾ. ಸುಳ್ಳ್ಯಾಕ ಹೇಳ್ಲಿ. ನೌಕರಿ ಇದ್ದಿದ್ರ ಬರ್ತಿದ್ದಿಲ್ಲ. ಮನ್ಯಾಗ ಮೂರು ಮಕ್ಕಳವ." ಹಣ್ಣನ್ನು ಕಲ್ಲಿನ ಮೇಲಿಟ್ಟು ಮತ್ತೆ ಹೇಳಿದ: "ಖರೇ ಹೇಳ್ತೀನಿ. ಸರ್ ಹೇಳಿದ್ರು, ನಾ ಮುಚ್ಚಿದೆ. ತೂಬಾ ಮೇಡಂ ಬಾಗಲದಾಗ ನಿಂತು, ಸರ್, ಗಾಳಿ ಹೆಂಗ ಅಂತ ಕೇಳಿದ್ರು. ಸರ್ ನಕ್ರು. ಅಷ್ಟ ಆಗಿದ್ದು. ಎಲ್ಲಿ ಬೇಕಾದ್ರ ಹೇಳ್ತೀನಿ."

ವಿದ್ಯಾವತಿಗೆ ಅವನ ಮೇಲೆ ಸಿಟ್ಟು ಉಕ್ಕಿತು. ಐದಾರು ತಿಂಗಳ ಹಿಂದೆ ಇದೇ ಮಾತನ್ನು ಹೇಳಿದ್ದರೆ! ಆದರೆ ಅವನ ಮೊಣಕಾಲು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಅದನ್ನು ನೋಡಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಠಾಣೆಗೆ ಆಮ್ಯಾಲ ಹೋಗೂಣು," ಎಂದಳು. "ಮೊದಲ ರೋಜಾಕ್ಕ ನಡಿ."

ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಬಸ್ಸಿಳಿದು ಆಟೊ ಹಿಡಿದರು. ದಾರಿಯಲ್ಲಿ ಮೌನೇಶ ಎರಡು ಸಲ, "ಬ್ಯಾಡವ್ವಾ, ಆ ತಾಯಿ ಮುಂದ ಹೆಂಗ ನಿಂದರ್ಲಿ," ಎಂದ.

ಮಂಜೂರ್ ಅವನ ಮಾತನ್ನು ನಿಂತೇ ಕೇಳಿದರು. ಮುಗಿದ ಮೇಲೆ ಒಂದು ಹೆಜ್ಜೆ ಮುಂದಿಟ್ಟರು. ಕೈ ಎತ್ತುತ್ತಾರೆಂದು ವಿದ್ಯಾವತಿ ಹೆದರಿದಳು. ಅವರು ಹಾಗೇ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನೂರಜಹಾನ್ ಮಾತ್ರ ಮೌನೇಶನ ಎದುರು ನೆಲದ ಮೇಲೆ ಕೂತರು.

"ಆಕಿನ್ನ ಹೊರಗ ತಂದಾವ ನೀನೇನು?"

"ಹೌದ್ರಿ ಅಮ್ಮಾ."

"ಮೈ ಬಿಸಿ ಇತ್ತೇನು?"

ಮೌನೇಶ ತನ್ನ ಅಂಗೈ ನೋಡಿಕೊಂಡ. "ಇತ್ರಿ. ಬಿಸಿನ ಇತ್ತು. ಅದಕ್ಕ ಬದುಕ್ಯಾರ ಅಂತ ತಿಳಕೊಂಡು ಓಡಿದೆ."

"ಬಾಗಲಾ ಕಡಿ ಬಂದಿದ್ದಳಂತ?"

"ಹೌದ್ರಿ. ಕೈ ಬಾಗಲಾ ಕಡಿ ಇತ್ತು. ಹೊರಗ ಬರಬೇಕಂತ ಮಾಡ್ಯಾರ್ರಿ. ಎರಡು ಹೆಜ್ಜಿ ಉಳಿದಿತ್ತು."

ನೂರಜಹಾನ್ ಎದ್ದು, ಓಣಿಯ ಕಡೆಗಿದ್ದ ಬಾಗಿಲನ್ನು ಪೂರ್ತಿ ತೆರೆದರು. ಎದುರು ಮನೆಯ ಹೆಂಗಸರು ಕಟ್ಟೆಯ ಮೇಲಿದ್ದರು. "ಇಲ್ಲಿ ಬರ್ರಿ," ಎಂದು ಜೋರಾಗಿ ಕರೆದರು. "ಬಂದು ಕೇಳ್ರಿ. ನನ್ನ ಮಗಳು ಹೊರಗ ಬರಾಕತ್ತಿದ್ದಳಂತ. ಈ ಮನಶ್ಯಾ ಕಣ್ಣಿಲೆ ನೋಡ್ಯಾನ. ಇನ್ನೊಮ್ಮಿ ಹೇಳಪ್ಪಾ." ಹೆಂಗಸರು ಒಬ್ಬೊಬ್ಬರಾಗಿ ಹೊಸ್ತಿಲ ಬಳಿ ಬಂದು ನಿಂತರು. ಮೌನೇಶ ಇನ್ನೊಮ್ಮೆ ಹೇಳಿದ. ಆಗ ಆ ತಾಯಿ ತೂಬಾ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತರು.

ಅದೇ ದಿನ ಮಂಜೂರ್ ಕೂಡ ಅವರಿಬ್ಬರ ಜೊತೆಗೆ ಠಾಣೆಗೆ ಬಂದರು. ಮೌನೇಶನ ಹೇಳಿಕೆ ಬರೆದುಕೊಂಡ ಮೇಲೆ ನಿರ್ಲಕ್ಷ್ಯದಿಂದಾದ ಸಾವು ಎಂದು ಪ್ರಕರಣ ದಾಖಲಾಯಿತು. ಆರೋಪಿ ಹಣಮಂತರಾಯ. ಅವರ ವಕೀಲರು ಮೌನೇಶನನ್ನು, ಕೆಲಸ ಹೋದ ಸಿಟ್ಟಿಗೆ ಮಾತು ತಿರುಗಿಸಿದವನು ಎಂದರು. ಅವನು ಆ ಮಾತನ್ನು ಅಲ್ಲಗಳೆಯಲಾರದೆ ನಿಂತ. ಪ್ರಕರಣ ಇನ್ನೂ ನಡೆದಿದೆ. ಲ್ಯಾಬಿನ ಯಂತ್ರಗಳನ್ನು ಬೇರೆ ಬೇರೆ ಕಡೆ ಹಂಚಿದರು. ನೆಲಮಾಳಿಗೆಯಲ್ಲಿ ಈಗ ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳ ಮೂಟೆಗಳಿವೆ. ವಿದ್ಯಾವತಿಗೆ ಹೊಸ ಗೈಡ್ ಸಿಕ್ಕಿಲ್ಲ.

ಈಚಿನ ಒಂದು ವಾಯಿದೆಯ ದಿನ ಕೋರ್ಟಿನ ವರಾಂಡದಲ್ಲಿ ಹಣಮಂತರಾಯರು ತಾವಾಗಿಯೇ ಅವಳ ಬಳಿ ಬಂದರು. ಬಹಳ ಇಳಿದುಹೋಗಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು.

"ಆ ದಿನದ ಡಾಟಾ ನಿನ್ನ ಬಲ್ಲಿ ಅದೇನು?" ಎಂದು ಕೇಳಿದರು.

"ಅದರಿ. ಕೋರ್ಟಿಗೂ ಕೊಟ್ಟೀನಿ."

"ಕೆಡಸಬ್ಯಾಡ." ಅವರು ಇನ್ನೂ ಹತ್ತಿರ ಬಂದರು. "ಅಂಥಾ ತಗ್ಗು ನನ್ನ ಜನ್ಮದಾಗ ಮತ್ತೊಂದು ಕಾಣಂಗಿಲ್ಲ."

ವಿದ್ಯಾವತಿ ಅವರ ಮುಖವನ್ನೇ ನೋಡಿದಳು. ಆ ಮನುಷ್ಯ ಇನ್ನೂ ಆ ಗ್ರಾಫನ್ನೇ ನೋಡುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಅಷ್ಟರಲ್ಲಿ ಜವಾನ ಹೆಸರು ಕೂಗಿದ. ಮಂಜೂರ್ ಬೆಂಚಿನಿಂದೆದ್ದು ಅವಳಿಗಾಗಿ ಬಾಗಿಲ ಬಳಿ ಕಾಯುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಸಾಕ್ಷಿ ಹೇಳಲು ಒಳಗೆ ಹೋದಳು.